ಝೀನಿಯಾ, ಲಾ ಕ್ರಾಸ್, ಕೊಲಂಬಿಯಾ: ನಿವೃತ್ತಿಗೊಂದು ಸೈಕಲ್ ಊರು

ನಾವೀಗ ಓಹಾಯೋ ರಾಜ್ಯದ ಝೀನಿಯಾದಲ್ಲಿದ್ದೇವೆ. ಈ ಊರು ಸಿಕ್ಕಿದ್ದು ನಮ್ಮ ಪುಣ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದೆಲ್ಲ ಆ ಕಡೆಗೇ ವಾಲಿರುತ್ತದೆ.

ಇಪ್ಪತ್ತೆಂಟು ವರ್ಷ ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿದ್ದೆವು. ಸಂಬಳ ನಿಂತ ಮೇಲೆ ಅಲ್ಲಿನ ಆಸ್ತಿ ತೆರಿಗೆ ಕಟ್ಟುವುದು ಭಾರವಾಯಿತು. ಮಗಳು ಶಿಕಾಗೋದಲ್ಲೇ ಇದ್ದಾಳೆ, ಹಾಗಾಗಿ ದೂರ ಹೋಗಲು ಮನಸ್ಸಿಲ್ಲ. ನನಗೆ ಬೆಳಿಗ್ಗೆ ಕಾಫಿ ಆದ ಮೇಲೆ ಇಪ್ಪತ್ತು ಮೈಲಿ ಸೈಕಲ್ ತುಳಿಯಲೇಬೇಕು. ಹೆಂಡತಿಗೆ ಮಂಡಿ ನೋವು. ಏರು ಹತ್ತಲು ಆಗುವುದಿಲ್ಲ, ಸಮ ದಾರಿಯಾದರೆ ಎಷ್ಟು ದೂರ ಬೇಕಾದರೂ ಬರುತ್ತಾಳೆ. ಅದಕ್ಕೇ ಹಳೆಯ ರೈಲು ದಾರಿಯನ್ನು ಸೈಕಲ್ ಟ್ರೈಲ್ ಮಾಡಿರುವ ಊರುಗಳನ್ನೇ ಆರಿಸಿಕೊಂಡೆವು. ರೈಲು ಓಡಿದ ಕಡೆ ಕಡಿದಾದ ಏರು ಇರುವುದಿಲ್ಲ, ಅಲ್ವಾ. ಮೂರು ಊರುಗಳಲ್ಲಿ ಒಂದೊಂದು ತಿಂಗಳು ಬಾಡಿಗೆಗಿದ್ದು ನೋಡಿದೆವು.

ಮೊದಲು ವಿಸ್ಕಾನ್ಸಿನ್‌ನ ಲಾ ಕ್ರಾಸ್. ಮೂರರಲ್ಲಿ ಅತಿ ಚೆಂದದ ಊರು ಇದೇ. ಒಂದು ಕಡೆ ಮಿಸಿಸಿಪ್ಪಿ ನದಿ, ಇನ್ನೊಂದು ಕಡೆ ಊರಿಗೆ ಒರಗಿದಂತೆ ಗುಡ್ಡಗಳು. ಸುತ್ತಲಿನ ನಾಡನ್ನೆಲ್ಲ ಸವೆಸಿದ ಹಿಮನದಿಗಳು ಇಲ್ಲಿಗೆ ಬರಲಿಲ್ಲವಂತೆ, ಅದಕ್ಕೇ ಈ ಗುಡ್ಡ ಕಣಿವೆ ಉಳಿದಿವೆ. ಶಿಕಾಗೋಗೆ ನೇರ ರೈಲಿದೆ. ದೊಡ್ಡ ಆಸ್ಪತ್ರೆಗಳಿವೆ. ಹತ್ತಿರದ ಸ್ಪಾರ್ಟಾದಿಂದ ಎಲ್ರಾಯ್‌ವರೆಗೆ 32 ಮೈಲಿ ಟ್ರೈಲ್. 1967ರಲ್ಲಿ ತೆರೆದದ್ದು, ದೇಶದ ಮೊದಮೊದಲ ರೈಲ್ ಟ್ರೈಲ್‌ಗಳಲ್ಲೊಂದು. ಅದರಲ್ಲಿ ಮೂರು ಸುರಂಗಗಳು. ನಾರ್ವಾಕ್ ಹತ್ತಿರದ್ದು ಮುಕ್ಕಾಲು ಮೈಲಿ ಉದ್ದ. ಒಳಗೆ ಸೈಕಲ್ ತಳ್ಳಿಕೊಂಡು ನಡೆಯಬೇಕು. ಟಾರ್ಚ್ ಇಲ್ಲದಿದ್ದರೆ ನಮ್ಮ ಕೈ ನಮಗೇ ಕಾಣುವುದಿಲ್ಲ. ಮೇಲಿಂದ ನೀರು ತೊಟ್ಟಿಕ್ಕುತ್ತದೆ, ಬೇಸಿಗೆಯಲ್ಲೂ ಚಳಿ. ಹೆಂಡತಿ ಇವತ್ತಿಗೂ ಆ ಸುರಂಗದ ಮಾತಾಡುತ್ತಾಳೆ.

ತೊಂದರೆ ಇದ್ದದ್ದು ನೆಲದಲ್ಲಿ. ಅಲ್ಲಿನ ಟ್ರೈಲ್‌ಗೆ ಡಾಂಬರು ಇಲ್ಲ. ಸುಣ್ಣಕಲ್ಲಿನ ಪುಡಿ ಹಾಸಿ ಗಟ್ಟಿ ಮಾಡಿದ್ದಾರೆ. ಹೊರಡುವ ಮೊದಲು ನಾನು ಒಂದು ರೋಡ್ ಬೈಕ್ ಕೊಂಡಿದ್ದೆ. 25 ಮಿಲಿಮೀಟರ್ ಅಗಲದ ಸಪೂರ ಟೈರ್, ಚಕ್ರದ ಲೋಹದ ಬಳೆಯನ್ನೇ (ರಿಮ್) ಒತ್ತಿ ಹಿಡಿಯುವ ರಿಮ್ ಬ್ರೇಕ್. ಯಾವ ಟ್ರೈಲ್‌ಗೂ ಸರಿಹೋಗುತ್ತದೆ ಎಂದು ಅಂಗಡಿಯವನು ಖಾತ್ರಿಯಾಗಿ ಹೇಳಿದ. ಒಣಗಿದ ದಿನ ಅವನ ಮಾತು ನಿಜವೇ. ಚೂರು ಧೂಳು, ಅಷ್ಟೆ. ಮಳೆ ಬಂದ ಮರುದಿನ ಹೋಗಿ ನೋಡಿ. ಮೇಲ್ಪದರ ರವೆ ಉಂಡೆಗೆ ಕಲಸಿದ ಹಾಗೆ ಮೆತ್ತಗಾಗಿರುತ್ತದೆ. ಮುಂದಿನ ಚಕ್ರ ಹೂತು ಪಕ್ಕಕ್ಕೆ ಎಳೆಯುತ್ತದೆ. ಅಷ್ಟೇ ಶಕ್ತಿ ಹಾಕಿದರೂ ಅರ್ಧ ದೂರ.

ಅದಕ್ಕಿಂತ ಕೆಟ್ಟದ್ದು ಮನೆಗೆ ಬಂದ ಮೇಲೆ. ಆ ಬಿಳಿ ರಾಡಿ ಒಣಗಿದರೆ ಸಿಮೆಂಟಿನಂತೆ ಅಂಟಿಕೊಳ್ಳುತ್ತದೆ. ಚೈನಿನೊಳಗೆ, ಬ್ರೇಕ್‌ಗೂ ರಿಮ್‌ಗೂ ನಡುವೆ, ಎಲ್ಲ ಕಡೆ. ಬ್ರೇಕ್ ಹಿಡಿದರೆ ಕರಕರ ಸದ್ದು. ರಿಮ್ ಸವೆಯುವುದು ಕಿವಿಗೇ ಕೇಳಿಸುತ್ತಿತ್ತು. ಒಂದು ಗಂಟೆ ಸೈಕಲ್ ತುಳಿದರೆ ಬಕೆಟ್, ಬ್ರಷ್ ಹಿಡಿದು ಇನ್ನೊಂದು ಗಂಟೆ ಕೂರಬೇಕು. ಮೇ ತಿಂಗಳಲ್ಲಿ ಅಲ್ಲಿ ವಾರದಲ್ಲಿ ಎರಡು ಮೂರು ದಿನ ಮಳೆ ಬಂತು. ತಿಂಗಳ ಕೊನೆಗೆ ಚೈನ್ ಬದಲಿಸಿದೆ.

ಅಗಲ ಟೈರ್ ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನ ಫ್ರೇಮ್‌ನಲ್ಲಿ 28ಕ್ಕಿಂತ ದೊಡ್ಡದು ಕೂರುವುದಿಲ್ಲ. ಹೆಂಡತಿಯ ಸೈಕಲ್‌ಗೆ ಅಗಲ ಟೈರೇ ಇತ್ತು. ಚಕ್ರ ಹೂಳಲಿಲ್ಲ ನಿಜ, ಆದರೆ ಚೈನಿನ ಗತಿ ಅದೇ. ಚಳಿಗಾಲದಲ್ಲಿ ಆ ಟ್ರೈಲ್ ಹಿಮದ ಮೇಲೆ ಓಡುವ ಮೋಟಾರು ಗಾಡಿಗಳಾದ ಸ್ನೋಮೊಬೈಲ್‌ಗಳಿಗೆ ಹೋಗುತ್ತದೆ. ಹಿಮ ಕರಗುವಾಗ ಮತ್ತೆ ಅದೇ ರಾಡಿ. ದಿನಾ ತುಳಿಯುವವನಿಗೆ ವರ್ಷದಲ್ಲಿ ಎಷ್ಟು ದಿನ ಉಳಿಯಿತು ಲೆಕ್ಕ ಹಾಕಿ.

ಮಿಸೌರಿಯ ಕೊಲಂಬಿಯಾ ವಿಶ್ವವಿದ್ಯಾಲಯದ ಊರು. ಪೇಟೆ ಮಧ್ಯದಿಂದಲೇ ಎಂಕೆಟಿ ಟ್ರೈಲ್ ಶುರು, ಒಂಬತ್ತು ಮೈಲಿ ಹೋದರೆ ಕೇಟಿ ಟ್ರೈಲ್ ಸೇರುತ್ತದೆ. ಅದು ಸುಮಾರು 240 ಮೈಲಿ. ಮಕ್‌ಬೇನ್ ಹತ್ತಿರ ಹೊಲಗಳ ನಡುವೆ ಒಂಟಿಯಾಗಿ ನಿಂತ ಬರ್ ಓಕ್ ಮರವಿದೆ. ಮುನ್ನೂರು ವರ್ಷಕ್ಕೂ ಹಳೆಯದು, 2020ರಲ್ಲಿ ಸಿಡಿಲು ಬಡಿದೂ ನಿಂತಿದೆ. ಅದರ ಕೆಳಗೆ ಚಿತ್ರಾನ್ನ ತಿಂದು ಕೂತಿದ್ದು ಮರೆಯುವುದಿಲ್ಲ. ಆದರೆ ಇಲ್ಲೂ ಹೆಚ್ಚಿನ ಕಡೆ ಅದೇ ಸುಣ್ಣಕಲ್ಲು. ಜುಲೈ ಸೆಕೆ ಮಂಗಳೂರಿನದು. ಟ್ರೈಲ್ ಬಿಟ್ಟರೆ ಊರೊಳಗೆ ಏರಿಳಿತ ಜಾಸ್ತಿ. ಮಂಡಿ ನೋವಿಗೆ ಆಗದು.

ಇನ್ನು ಝೀನಿಯಾ. ಹಳೆಯ ರೈಲು ನಿಲ್ದಾಣವಿದ್ದ ಕಡೆ ಈಗ ನಾಲ್ಕು ದಿಕ್ಕಿನ ಟ್ರೈಲ್‌ಗಳು ಕೂಡುತ್ತವೆ, ಎಲ್ಲವೂ ಡಾಂಬರು. ಬೆಳಿಗ್ಗೆ ಮಳೆ ನಿಂತರೆ ಹತ್ತು ಗಂಟೆಗೆ ನಾನು ರಸ್ತೆಯಲ್ಲಿ. ಸೈಕಲ್ ಒರೆಸಲು ಒಂದು ಹಳೇ ಪಂಚೆ ಸಾಕು. ಅದೇ 25ರ ಟೈರ್ ಇಲ್ಲಿ ಹಾಯಾಗಿ ಓಡುತ್ತದೆ. ಲಿಟ್ಲ್ ಮಯಾಮಿ ಟ್ರೈಲ್ ಒಂದೇ 78 ಮೈಲಿ. ಉತ್ತರಕ್ಕೆ ಹತ್ತು ಮೈಲಿ ಹೋದರೆ ಯೆಲ್ಲೋ ಸ್ಪ್ರಿಂಗ್ಸ್. ಅಲ್ಲಿನ ಬುಗ್ಗೆಯ ನೀರಿನ ಕಬ್ಬಿಣದಿಂದ ಬಂಡೆಯೇ ಹಳದಿಯಾಗಿದೆ. ಅಲ್ಲಿ ಕಾಫಿ ಕುಡಿದು ವಾಪಸ್ ಬಂದರೆ ನನ್ನ ಇಪ್ಪತ್ತು ಮೈಲಿ ಸರಿಯಾಗಿ ಮುಗಿಯುತ್ತದೆ. ಪಶ್ಚಿಮಕ್ಕೆ ಹೋದರೆ ಡೇಟನ್, ರೈಟ್ ಸಹೋದರರು ವಿಮಾನಕ್ಕೆ ಮೊದಲು ಸೈಕಲ್ ಅಂಗಡಿ ಇಟ್ಟಿದ್ದ ಊರು. ನಡುವೆ ಬೀವರ್‌ಕ್ರೀಕ್‌ನಲ್ಲಿ ದೇವಸ್ಥಾನವಿದೆ.

ಕೊರತೆಗಳಿವೆ. ರೈಲಿಲ್ಲ. ಸಂಜೆಯಾದರೆ ಪೇಟೆ ಸುಮ್ನೆ ಮಲಗಿಬಿಡುತ್ತದೆ. ದೊಡ್ಡ ಕಾಯಿಲೆಯಾದರೆ ಡೇಟನ್‌ಗೆ ಹೋಗಬೇಕು. 1974ರ ಏಪ್ರಿಲ್ 3ರ ಸುಂಟರಗಾಳಿಯನ್ನು ಇಲ್ಲಿನ ಹಿರಿಯರು ಇನ್ನೂ ನೆನೆಯುತ್ತಾರೆ, ಅದಕ್ಕೇ ಗಾಳಿ ಬಂದಾಗ ಅಡಗಲು ಬೇಸ್‌ಮೆಂಟ್ (ನೆಲಮಾಳಿಗೆ) ಇಲ್ಲದ ಮನೆಗಳನ್ನು ನೋಡಲೇ ಇಲ್ಲ. ಆದರೂ ನೇಪರ್‌ವಿಲ್ ಮನೆ ಮಾರಿದ ಹಣದಲ್ಲಿ ಇಲ್ಲಿ ಮನೆ ಕೊಂಡು ಅರ್ಧಕ್ಕಿಂತ ಜಾಸ್ತಿ ಉಳಿಯಿತು.

ಅಗಲ ಟೈರಿನ ಸೈಕಲ್ ಇದ್ದು, ವಾರಕ್ಕೊಮ್ಮೆ ಮಾತ್ರ ತುಳಿಯುವವರು, ರೈಲು ಬೇಕೆನ್ನುವವರು ಲಾ ಕ್ರಾಸ್‌ಗೇ ಹೋಗಿ. ನಾವು ಅಕ್ಟೋಬರ್‌ನಲ್ಲಿ ಎಲೆ ಕೆಂಪಾಗುವಾಗ ಒಂದು ವಾರ ಅಲ್ಲಿಗೆ ಹೋಗುತ್ತೇವೆ, ಸುರಂಗಕ್ಕೆ ಎರಡು ಟಾರ್ಚ್ ಹಿಡಿದು.