ಚಳಿಗೆ ಸುಟ್ಟ ಪಾಮ್ ಗಿಡಕ್ಕೆ ಕಾಪರ್ ಪುಡಿ: ಬಳಸಿ ನೋಡಿದ ಮೇಲೆ

ಕಾಪರ್ ಆಕ್ಸಿಕ್ಲೋರೈಡ್ 50% ಡಬ್ಲ್ಯೂಪಿ, ಅಂದರೆ ಗಿಡದ ಕೊಳೆರೋಗಕ್ಕೆ ನೀರಲ್ಲಿ ಕಲಸಿ ಹಾಕುವ ತಾಮ್ರದ ಪುಡಿ. ಬ್ಲೈಟಾಕ್ಸ್ ಅಂದರೆ ಅಂಗಡಿಯವರಿಗೆ ಬೇಗ ಗೊತ್ತಾಗುತ್ತದೆ. ಬೇರೆ ಕಂಪನಿಗಳದ್ದೂ ಇದೆ, ಒಳಗಿನ ಮದ್ದು ಒಂದೇ. ರಾಯಚೂರಿನ ಗಂಜ್ ಕಡೆ ಗೊಬ್ಬರ-ಎಣ್ಣೆ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. ಮೆಣಸಿನಕಾಯಿ, ದಾಳಿಂಬೆ ಬೆಳೆಯುವವರಿಗೆ ಇದು ಹಳೇ ಪರಿಚಯ. ನಾನು ಬಳಸಿದ್ದು ಕುಂಡದ ಪಾಮ್ ಗಿಡಗಳಿಗೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸುಳಿಯ ಬುಡ ಗಟ್ಟಿ ಇದ್ದರೆ ಈ ಪುಡಿ ತಂದಿದ್ದು ಸಾರ್ಥಕ. ಬುಡವೇ ಕೊಳೆತು ಮೆತ್ತಗಾಗಿದ್ದರೆ ಇದಕ್ಕೂ ದುಡ್ಡು ಹಾಕಬೇಡಿ, ಬೇರೆ ಯಾವುದಕ್ಕೂ ಹಾಕಬೇಡಿ.

ರಾಯಚೂರಲ್ಲಿ ಚಳಿಗೆ ಗಿಡ ಸಾಯೋದು ಎಲ್ಲಿಂದ ಬಂತು ಅಂತ ಕೇಳುತ್ತೀರಿ, ಅಲ್ವಾ? ಇಲ್ಲಿ ಸಾಯೋದು ಬಿಸಿಲಿಗೆ. ಈ ಗಿಡಗಳು ಬಂದಿದ್ದು ಹರಿಯಾಣದ ಹಿಸಾರ್‌ನಿಂದ. ನನ್ನ ತಮ್ಮ ಅಲ್ಲಿ ಮಿಲಿಟರಿಯಲ್ಲಿದ್ದ. ವರ್ಗ ಆದಾಗ ಸಾಮಾನಿನ ಲಾರಿಯಲ್ಲಿ ತನ್ನ ಕುಂಡಗಳನ್ನೂ ನಮ್ಮ ಮನೆಗೆ ಕಳಿಸಿದ. ಹಿಸಾರ್‌ನಲ್ಲಿ ಜನವರಿಯ ರಾತ್ರಿ ಸೊನ್ನೆ ಡಿಗ್ರಿಯ ಹತ್ತಿರ ಇಳಿಯುತ್ತದೆ, ಒಮ್ಮೊಮ್ಮೆ ಅದಕ್ಕಿಂತಲೂ ಕೆಳಗೆ. ಇಬ್ಬನಿ ಎಲೆ ಮೇಲೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಕುಂಡಗಳು ಅಂಗಳದಲ್ಲೇ ಉಳಿದಿದ್ದವು. ಅರೆಕಾ ಪಾಮ್, ಫಾಕ್ಸ್‌ಟೈಲ್ ಪಾಮ್, ಬಾಟಲ್ ಪಾಮ್. ಮೂರೂ ಬೆಚ್ಚನೆ ಊರಿನ ಗಿಡಗಳು. ಅರೆಕಾ ಮಡಗಾಸ್ಕರ್‌ನದು, ಫಾಕ್ಸ್‌ಟೈಲ್ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನದು, ಬಾಟಲ್ ಪಾಮ್ ಮಾರಿಷಸ್ ಕಡೆಯ ದ್ವೀಪದ್ದು. ನೆಲದಲ್ಲಿದ್ದ ಗಿಡದ ಬೇರಿಗೆ ಭೂಮಿಯ ಶಾಖ ಇರುತ್ತದೆ. ಕುಂಡಕ್ಕೆ ನಾಲ್ಕೂ ಕಡೆಯಿಂದ ಚಳಿ ಬಡಿಯುತ್ತದೆ.

ಲಾರಿ ಇಳಿಸಿದಾಗ ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದಿದ್ದವು. ಆಮೇಲೆ ದಿನ ಕಳೆದಂತೆ ಕಂದು ಬಣ್ಣಕ್ಕೆ ತಿರುಗಿದವು. ಚಳಿ ಹೊಡೆದ ಪಾಮ್ ತನ್ನ ಪೂರ್ತಿ ಹಾನಿಯನ್ನು ಒಂದೇ ದಿನಕ್ಕೆ ತೋರಿಸಲ್ಲ, ವಾರಗಳು ಬೇಕು. ಎಲೆಯೊಳಗಿನ ನೀರು ಮಂಜುಗಟ್ಟಿ ಜೀವಕೋಶ ಒಡೆದಿರುತ್ತದೆ. ಒಡೆದ ಜಾಗಕ್ಕೆ ಬ್ಯಾಕ್ಟೀರಿಯಾ, ಬೂಸು ಸೇರಿಕೊಳ್ಳುತ್ತವೆ. ಎಷ್ಟೋ ಗಿಡಗಳನ್ನು ಕೊನೆಗೆ ಕೊಲ್ಲುವುದು ಈ ಕೊಳೆ. ಚಳಿಗೆ ಬದುಕಿ ಉಳಿದ ಗಿಡ ಆಮೇಲೆ ಕೊಳೆತು ಹೋಗುತ್ತದೆ. ತೆಂಗಿಗೆ ಸುಳಿ ಕೊಳೆ ಬಂದಿದ್ದು ನೋಡಿದವರಿಗೆ ಇದು ಹೇಗೆ ಅಂತ ಬಿಡಿಸಿ ಹೇಳಬೇಕಿಲ್ಲ. ಪಾಮ್‌ನ ಒಂದು ಕಾಂಡಕ್ಕೆ ಇರುವುದು ಒಂದೇ ಸುಳಿ. ಅದು ಬುಡಸಮೇತ ಸತ್ತರೆ ಆ ಕಾಂಡದಲ್ಲಿ ಇನ್ನೊಂದು ಚಿಗುರುವುದಿಲ್ಲ.

ಗಂಜ್‌ನಲ್ಲಿ ಅಂಗಡಿಯವರು ಕೇಳಿದರು, "ಯಾವ ಬೆಳಿಗ್ರಿ ಅಮ್ಮಾರ? ಎಷ್ಟು ಎಕರೆ ಐತ್ರಿ?"

"ಎಕರೆ ಅಲ್ರಿ, ಕುಂಡದಾಗಿನ ಗಿಡ. ಸುಳಿ ಕೊಳಿಯಾಕತ್ತೈತಿ," ಅಂದೆ.

ಅವರು ಕಾರ್ಬೆಂಡಜಿಮ್ ತೆಗೆದುಕೊಟ್ಟರು. ನಾನು ಬೇಡ ಅಂದೆ. ನಮ್ಮ ಪಕ್ಕದ ಮನೆ ಹುಡುಗ ಲಿಂಗಸೂಗೂರು ರಸ್ತೆಯ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ. ಅವನು ಮೊದಲೇ ಹೇಳಿಕೊಟ್ಟಿದ್ದ: "ಆಂಟಿ, ಕಾರ್ಬೆಂಡಜಿಮ್ ಬೂಸಿಗೆ ಮಾತ್ರರಿ. ಬ್ಯಾಕ್ಟೀರಿಯಾಕ್ಕ ಏನೂ ಮಾಡಂಗಿಲ್ಲ. ಕಾಪರ್ ಎರಡಕ್ಕೂ ಕೆಲಸ ಮಾಡ್ತೈತಿ." ಚಳಿ ಬಡಿದ ಸುಳಿಯಲ್ಲಿ ಎರಡೂ ಇರುತ್ತವೆ. ಅದಕ್ಕೇ ಕಾಪರ್. ಕೈಗೆ ಬಂದಿದ್ದು ಅರ್ಧ ಕಿಲೋ ಪೊಟ್ಟಣ, ಮುನ್ನೂರು-ನಾನೂರು ರೂಪಾಯಿ ಆಸುಪಾಸು. ಮನೆಯ ಗಿಡಕ್ಕೆ ಅಷ್ಟು ಜಾಸ್ತಿಯೇ.

ಔಷಧ ಹಾಕುವ ಮೊದಲು ಸುಳಿ ನೋಡಬೇಕು. ನಡುವೆ ಈಟಿ ಹಾಗೆ ಇನ್ನೂ ಬಿಚ್ಚದೆ ನಿಂತಿರುವ ಎಲೆ ಇರುತ್ತಲ್ಲ, ಅದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಜಗ್ಗದೆ ನಿಂತರೆ ಜೀವ ಇದೆ. ಫಾಕ್ಸ್‌ಟೈಲ್‌ನ ಸುಳಿ ಎಲೆ ನನ್ನ ಕೈಗೇ ಬಂತು. ತುದಿ ಇನ್ನೂ ಹಸಿರು. ಆ ಎಲೆಯ ಬುಡದ ಎರಡು ಇಂಚು ಕಂದಾಗಿ, ಲೋಳೆ ಲೋಳೆಯಾಗಿ, ಮೂಗು ಮುಚ್ಚಿಕೊಳ್ಳುವ ವಾಸನೆ. ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿದೆ. ತಳದಲ್ಲಿ ಬಿಳಿ ಭಾಗ ಕಾಣಿಸಿತು. ಸ್ಪೂನಿನ ಹಿಡಿಯಿಂದ ಮುಟ್ಟಿದರೆ ಗಟ್ಟಿ ಇತ್ತು. ಬಾಟಲ್ ಪಾಮ್‌ನಲ್ಲಿ ಸ್ಪೂನು ಸಲೀಸಾಗಿ ಒಳಗೆ ಇಳಿಯಿತು. ಅದಕ್ಕೂ ಔಷಧ ಹಾಕಿದೆ, ಮನಸ್ಸು ತಡೆಯಲಿಲ್ಲ. ಅದು ಉಳಿಯಲಿಲ್ಲ.

ಪುಡಿ ತಿಳಿ ಹಸಿರು-ನೀಲಿ ಬಣ್ಣ. ಲೀಟರ್ ನೀರಿಗೆ 3 ಗ್ರಾಂ. ಇದು ಪೂರ್ತಿ ಕರಗುವುದಿಲ್ಲ, ತಳಕ್ಕೆ ಕೂರುತ್ತದೆ. ಮೊದಲು ಸ್ವಲ್ಪ ನೀರಲ್ಲಿ ಗಂಟಿಲ್ಲದಂತೆ ಕಲಸಿಕೊಂಡು ಆಮೇಲೆ ಉಳಿದ ನೀರು ಸೇರಿಸಿ, ಹಾಕುವಾಗ ಮತ್ತೆ ಮತ್ತೆ ಅಲ್ಲಾಡಿಸಿ. ಕೊಳೆತದ್ದನ್ನು ಮೊದಲು ಕೆರೆದು ತೆಗೆಯಬೇಕು. ಲೋಳೆ ಮೇಲೆ ಔಷಧ ಸುರಿದರೆ ಒಳಗೆ ಮುಟ್ಟುವುದಿಲ್ಲ. ಆಮೇಲೆ ಸುಳಿಯ ತೂತು ತುಂಬಿ ಹೊರಗೆ ಹರಿಯುವಷ್ಟು ಹಾಕಿ, ಸುತ್ತಲಿನ ಎಲೆ ಬುಡಕ್ಕೂ ಸಿಂಪಡಿಸಿದೆ. ಹತ್ತು ದಿನ ಬಿಟ್ಟು ಇನ್ನೊಂದು ಸಲ. ಅಷ್ಟಕ್ಕೇ ನಿಲ್ಲಿಸಿ. ತಾಮ್ರ ಜಾಸ್ತಿಯಾದರೆ ಎಳೆ ಭಾಗವನ್ನು ಅದೇ ಸುಡುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ಈ ಔಷಧ ಗಿಡದೊಳಗೆ ಹರಿದಾಡುವುದಿಲ್ಲ. ಮುಟ್ಟಿದ ಜಾಗದಲ್ಲಿ ಮಾತ್ರ ಕಾಯುತ್ತದೆ. ಕಂದಾದ ಎಲೆಯನ್ನು ಹಸಿರು ಮಾಡುವುದಿಲ್ಲ. ಹಸಿರು ಮಾಡುವ ಔಷಧ ಯಾವುದೂ ಇಲ್ಲ. ಆನ್‌ಲೈನ್‌ನಲ್ಲಿ ಗಿಡದ ಟಾನಿಕ್ ಮಾರುವ ಒಬ್ಬರು ಫೋಟೋ ನೋಡಿ, ಎಲ್ಲಾ ಎಲೆ ಕತ್ತರಿಸಿ ಟಾನಿಕ್ ಹಾಕಿ, ವಾರದಲ್ಲಿ ಚಿಗುರುತ್ತೆ ಅಂದರು. ನನಗೆ ಸಿಟ್ಟು ಬಂದಿದ್ದು ಇಲ್ಲೇ. ಎಲೆಯಲ್ಲಿ ಬೊಗಸೆಯಷ್ಟು ಹಸಿರು ಉಳಿದಿದ್ದರೂ ಅದು ಗಿಡಕ್ಕೆ ಅನ್ನ. ಹಳೇ ಎಲೆಯಲ್ಲಿರುವ ಪೊಟ್ಯಾಶನ್ನು ಪಾಮ್ ಹೊಸ ಎಲೆಗೆ ಎಳೆದುಕೊಳ್ಳುತ್ತದೆ. ಅದನ್ನೂ ಕತ್ತರಿಸಿದರೆ ಗಿಡ ಏನು ಉಣ್ಣಬೇಕು? ಬೇರು ನೊಂದಿರುವಾಗ ಗೊಬ್ಬರ, ಟಾನಿಕ್ ಸುರಿಯುವುದೂ ಅಷ್ಟೇ ಕೆಟ್ಟದ್ದು. ಪೂರ್ತಿ ಒಣಗಿದ ಎಲೆ ಮಾತ್ರ ತೆಗೆದೆ. ಉಳಿದದ್ದು ಎಷ್ಟೇ ಅಸಹ್ಯ ಕಂಡರೂ ಬಿಟ್ಟೆ.

ನೀರು ಕಡಿಮೆ ಮಾಡಿ. ಎಲೆ ಇಲ್ಲದ ಗಿಡ ನೀರು ಕುಡಿಯುವುದೂ ಕಡಿಮೆ. ಬೆರಳು ಒಳಗಿಟ್ಟಾಗ ಮಣ್ಣು ಒಣಗಿದ್ದರೆ ಮಾತ್ರ, ಅದೂ ಬುಡಕ್ಕೆ. ಸುಳಿಗೆ ನೀರು ಬೀಳಬಾರದು. ತೆಂಗಿನ ತೋಟದವರು ಸುಳಿ ಕೆರೆದು ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ್ದು) ಹಚ್ಚಿ, ಹೊಸ ಸುಳಿ ಬರುವ ತನಕ ಮೇಲೆ ಮಡಕೆ ಮುಚ್ಚುತ್ತಾರೆ. ಇಲ್ಲಿ ಫೆಬ್ರವರಿಯಲ್ಲಿ ಮಳೆಯ ಭಯವಿಲ್ಲ, ಹಾಗಾಗಿ ನಾನು ಮುಚ್ಚಲಿಲ್ಲ. ಬಿಸಿಲಿನ ಭಯ ಇತ್ತು. ಹಿಸಾರ್‌ನ ಮಂಜಿನಿಂದ ನೇರ ನಮ್ಮ ಮಾಳಿಗೆಗೆ ಬಂದ ಗಿಡ ಮಾರ್ಚ್ ಬಿಸಿಲಿಗೆ ಇನ್ನೊಮ್ಮೆ ಸುಡುತ್ತದೆ. ಕೆಳಗೆ ಗೋಡೆ ನೆರಳಲ್ಲಿ ಇಟ್ಟೆ, ಮೇಲೆ 50% ಶೇಡ್ ನೆಟ್ ಕಟ್ಟಿಸಿದೆ.

ಅರೆಕಾ ಬೇಗ ಸುಧಾರಿಸಿತು. ಅದು ಗುಂಪಾಗಿ ಬೆಳೆಯುವ ಗಿಡ, ಹೊರಗಿನ ಕಾಂಡಗಳು ಸತ್ತರೂ ನಡುವಿನ ಎಳೆಯವು ಉಳಿದವು. ಫಾಕ್ಸ್‌ಟೈಲ್‌ಗೆ ಒಂದೇ ಕಾಂಡ, ಅದರದ್ದೇ ಚಿಂತೆ. ತೂತಿನೊಳಗೆ ಏನೂ ಅಲ್ಲಾಡದೆ ಎಷ್ಟೋ ದಿನ ಹಾಗೇ ಇತ್ತು. ಯುಗಾದಿ ಹೊತ್ತಿಗೆ ತೂತಿನ ಅಂಚಲ್ಲಿ ತಿಳಿ ಹಸಿರು ಮೊನೆ ಕಂಡಿತು. ನಾನು ಪೆನ್ನಿಂದ ಅದರ ಪಕ್ಕದ ದಂಟಿನ ಮೇಲೆ ಗೆರೆ ಎಳೆದೆ. ಮಾರನೇ ದಿನ ಗೆರೆ ದಾಟಿತ್ತು. ತಮ್ಮನಿಗೆ ಆಗಲೇ ಫೋನ್ ಮಾಡಿದೆ. "ಅಕ್ಕ, ಖರೇನ?" ಅಂತ ಎರಡೆರಡು ಸಲ ಕೇಳಿದ. ಮೊದಲ ಎಲೆ ಮುದುಡಿಕೊಂಡು, ತುದಿ ಸುಟ್ಟು ಬಂತು. ಹೆದರಬೇಡಿ. ಅದು ಸುಳಿಯೊಳಗಿದ್ದಾಗಲೇ ಚಳಿ ತಿಂದ ಎಲೆ. ಮುಂದಿನದು ಸ್ವಲ್ಪ ನೆಟ್ಟಗೆ ಬಿಚ್ಚಿತು. ಪೂರ್ತಿ ಚೆನ್ನಾದ ಎಲೆ ಬರಲು ವರ್ಷ ಹಿಡಿದರೂ ಹಿಡಿಯಬಹುದು. ಹೊಸ ಎಲೆ ಬಿಚ್ಚಿದ ಮೇಲಷ್ಟೇ ಪೊಟ್ಯಾಶ್, ಮೆಗ್ನೀಸಿಯಂ, ಮ್ಯಾಂಗನೀಸ್ ಇರುವ ಗೊಬ್ಬರ ಸ್ವಲ್ಪ ಕೊಟ್ಟೆ. ನಮ್ಮ ಬೋರ್ ನೀರು ಗಡಸು. ಇಂಥ ನೀರಲ್ಲಿ ಮ್ಯಾಂಗನೀಸ್ ಗಿಡಕ್ಕೆ ಸರಿಯಾಗಿ ದಕ್ಕುವುದಿಲ್ಲ. ಅದಕ್ಕೆ ಎಲೆ ಮೇಲೂ ತೆಳ್ಳಗೆ ಸಿಂಪಡಿಸಿದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿತ ಯಾಕೆಂದರೆ, ನನಗೆ ಸಿಕ್ಕ ಪೊಟ್ಟಣದಲ್ಲಿ ಎಕರೆ ಲೆಕ್ಕವಷ್ಟೇ ಇತ್ತು. ಕುಂಡದ ಗಿಡದವರಿಗೆ ಒಂದು ಸಾಲೂ ಇರಲಿಲ್ಲ. ನೆಲಕ್ಕೆ ಬಿದ್ದರೆ ನೀಲಿ ಕಲೆ ಉಳಿಯುತ್ತದೆ, ಹಳೇ ಗೋಣಿ ಹಾಸಿಕೊಳ್ಳಿ. ಪುಡಿ ಕಣ್ಣಿಗೆ ಉರಿ. ಕೈಗವಸು, ಮಾಸ್ಕ್ ಬೇಕೇ ಬೇಕು. ಉಳಿದ ನೀರನ್ನು ಮೀನಿನ ತೊಟ್ಟಿ, ಹಳ್ಳ, ಬಾವಿ ಕಡೆ ಚೆಲ್ಲಬೇಡಿ, ತಾಮ್ರ ಮೀನಿಗೆ ವಿಷ. ಅಂಗಡಿಯಲ್ಲಿ ಪೊಟ್ಟಣದ ತಾರೀಖು ನೋಡಿ, ಬಿಲ್ ಕೇಳಿ. ಸಡಿಲವಾಗಿ ಕಾಗದದಲ್ಲಿ ಕಟ್ಟಿ ಕೊಡುತ್ತೇವೆ ಅಂದರೆ ತಗೋಬೇಡಿ. ಅಕ್ಕಪಕ್ಕದಲ್ಲಿ ಗಿಡ ಸಾಕುವವರಿದ್ದರೆ ಒಂದು ಪೊಟ್ಟಣ ಸೇರಿ ತರಬಹುದು. ಆದರೆ ಅದು ಲೇಬಲ್ ಇರುವ ಮೂಲ ಪೊಟ್ಟಣದಲ್ಲೇ ಒಬ್ಬರ ಮನೆಯಲ್ಲಿ, ಮಕ್ಕಳ ಕೈಗೆ ಸಿಗದ ಜಾಗದಲ್ಲಿ ಇರಲಿ.