ಎರಡೇ ದಿನದಲ್ಲಿ ತುರಿಕೆ ನಿಲ್ಲಿಸುವ ಟ್ಯೂಬನ್ನು ಮಕ್ಕಳಿಗೆ ಹಚ್ಚಬೇಡಿ

ನನ್ನ ಆರು ವರ್ಷದ ಮಗನ ಸೊಂಟದ ಮೇಲೆ ಈಗ ನಾಲ್ಕು ಗೆರೆಗಳಿವೆ. ಹೆರಿಗೆಯಾದ ಹೆಂಗಸರ ಹೊಟ್ಟೆಯ ಮೇಲೆ ಉಳಿಯುತ್ತವಲ್ಲ, ಅಂಥವು. ಆರು ವರ್ಷದ ಹುಡುಗನಿಗೆ! ಅವು ಪೂರ್ತಿ ಹೋಗುವುದಿಲ್ಲವಂತೆ. ಆ ಗೆರೆಗಳು ಬಿದ್ದದ್ದು ನನ್ನ ಕೈಯಿಂದಲೇ, ದಿನಕ್ಕೆ ಎರಡು ಸಲ ತಪ್ಪದೆ ಮುಲಾಮು ಹಚ್ಚಿದ್ದರಿಂದ. ಮುಲಾಮು ಕೊಟ್ಟವನು ಕಲಬುರಗಿಯ ನಮ್ಮ ಬಡಾವಣೆಯ ಔಷಧ ಅಂಗಡಿಯವನು. ಅಂಗಡಿಯ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಆ ಒಂದು ಅಂಗಡಿ ಬಿಟ್ಟು ಪಕ್ಕದ ಅಂಗಡಿಗೆ ಹೋಗಿ ಅದೇ ಟ್ಯೂಬನ್ನು ತರುತ್ತೀರಿ.

ಯುಗಾದಿ ಮುಗಿದ ವಾರ ಶುರುವಾಯಿತು. ನಮ್ಮ ಊರಿನ ಬಿಸಿಲು ನಿಮಗೆ ಗೊತ್ತೇ ಇದೆ. ಹುಡುಗ ಸೊಂಟ ಕೆರೆದುಕೊಳ್ಳುತ್ತಿದ್ದ. ಬೆವರುಸಾಲೆ ಇರಬೇಕು ಎಂದುಕೊಂಡು ಪೌಡರ್ ಹಾಕಿದೆ. ಅತ್ತೆ ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ಸ್ನಾನ ಮಾಡಿಸಿದರು. ಕಡಿಮೆಯಾಗಲಿಲ್ಲ. ಉಡಿದಾರ ಇರುವ ಜಾಗದಲ್ಲೇ ರೂಪಾಯಿ ನಾಣ್ಯದಷ್ಟು ದುಂಡಗೆ ಒಂದು ಕಲೆ, ಅಂಚು ಉಬ್ಬಿ ಸಣ್ಣ ಹೊಟ್ಟು ಎದ್ದಿತ್ತು, ನಡುವೆ ಮಾತ್ರ ಚರ್ಮ ಚೆನ್ನಾಗಿಯೇ ಇತ್ತು. ಮೊಬೈಲ್‌ನಲ್ಲಿ ಹುಡುಕಿದರೆ ಬೆಳ್ಳಗಿನ ಚರ್ಮದ ಮೇಲೆ ಕೆಂಪು ಉಂಗುರ ಇರುವ ಚಿತ್ರಗಳೇ ಬಂದವು. ನನ್ನ ಮಗನದು ಕಪ್ಪು ಮೈ, ಅವನ ಕಲೆ ಕೆಂಪಾಗಿರಲಿಲ್ಲ, ಕಂದು ಬಣ್ಣಕ್ಕಿತ್ತು. ಹಾಗಾಗಿ ಇದು ಬೇರೆ ಏನೋ ಎಂದುಕೊಂಡೆ. ನಮ್ಮ ಮಕ್ಕಳ ಮೈಮೇಲೆ ಕೆಂಪು ಹುಡುಕಬೇಡಿ. ಅಂಚು ನೋಡಿ, ಆಕಾರ ನೋಡಿ.

ಅಂಗಡಿಯವನಿಗೆ ಮೊಬೈಲ್‌ನಲ್ಲಿ ತೆಗೆದ ಚಿತ್ರ ತೋರಿಸಿದೆ. ನೋಡಿದ ತಕ್ಷಣ ಹೇಳಿದ: "ಹುಳುಕಡ್ಡಿ, ಅಕ್ಕಾ. ಇಷ್ಟಕ್ಕೆಲ್ಲ ಡಾಕ್ಟರ್ ಯಾಕೆ? ಅಲ್ಲಿ ಬರೀ ನೋಡುವುದಕ್ಕೇ ಮುನ್ನೂರು ಕೊಟ್ಟು ಬರುತ್ತೀರಿ. ಇದನ್ನು ಹಚ್ಚಿ, ಎರಡು ದಿನದಲ್ಲಿ ನೀವೇ ಹೇಳುತ್ತೀರಿ."

ರೋಗದ ಹೆಸರು ಸರಿಯಾಗಿಯೇ ಹೇಳಿದ್ದ. ಅದನ್ನು ಮರೆಯಬೇಡಿ. ಅವನಿಗೆ ರೋಗ ಗೊತ್ತಿತ್ತು.

85 ರೂಪಾಯಿ ಮೊಬೈಲ್‌ನಿಂದಲೇ ಕಳಿಸಿದೆ. ಬಿಲ್ ಕೇಳಲಿಲ್ಲ. ಒಂದು ಟ್ಯೂಬಿಗೆ ಬಿಲ್ ಕೇಳುವವರು ಯಾರಿದ್ದಾರೆ?

ಅವನು ಹೇಳಿದಂತೆಯೇ ಆಯಿತು. ಎರಡೇ ದಿನಕ್ಕೆ ತುರಿಕೆ ನಿಂತಿತು. ನಾಲ್ಕನೇ ದಿನಕ್ಕೆ ಕಲೆಯೂ ಮಂಕಾಯಿತು. ಹುಡುಗ ರಾತ್ರಿ ನಿದ್ದೆ ಮಾಡಿದ. ನಾನು ಅಂಗಡಿಯ ಮುಂದೆ ಹೋಗುವಾಗ ನಿಂತು "ತುಂಬಾ ಉಪಕಾರವಾಯಿತು ಅಣ್ಣಾ" ಎಂದು ಹೇಳಿ ಬಂದೆ. ಹೇಳಿ ಬಂದೆ! ಈಗ ಆ ದಾರಿಯಲ್ಲಿ ಹೋಗುವಾಗಲೆಲ್ಲ ಆ ಮಾತು ನೆನಪಾಗಿ ಮೈಯೆಲ್ಲ ಉರಿಯುತ್ತದೆ.

ಹಚ್ಚುವುದು ನಿಲ್ಲಿಸಿದ ಒಂದೇ ವಾರದಲ್ಲಿ ಮತ್ತೆ ಬಂತು. ಈ ಸಲ ಒಂದಲ್ಲ, ಮೂರು. ಮತ್ತೆ ಹೋದೆ. "ಪೂರ್ತಿ ಹಚ್ಚಿಲ್ಲ ನೀವು, ಇನ್ನೊಂದು ಟ್ಯೂಬ್ ತೆಗೆದುಕೊಳ್ಳಿ" ಎಂದ. ಹಚ್ಚಿದೆ, ಹೋಯಿತು, ನಿಲ್ಲಿಸಿದೆ, ಬಂತು. ಹೀಗೆ ಎರಡೂವರೆ ತಿಂಗಳು, ಐದು ಟ್ಯೂಬ್. ಕೊನೆಕೊನೆಗೆ ಉಂಗುರದ ಆಕಾರವೇ ಇರಲಿಲ್ಲ. ಸೊಂಟದಿಂದ ಬೆನ್ನಿನವರೆಗೆ ನಕಾಶೆಯಂತೆ ಹರಡಿತ್ತು, ಒಳಗೆಲ್ಲ ಸಣ್ಣ ಸಣ್ಣ ಗುಳ್ಳೆ. ಚರ್ಮ ಈರುಳ್ಳಿಯ ಪೊರೆಯಂತೆ ತೆಳುವಾಗಿ ಅಡಿಯ ನರಗಳು ಕಾಣುತ್ತಿದ್ದವು. ಇಷ್ಟಾದರೂ ನಾನು ಅವನನ್ನು ನಂಬಿದ್ದೆ, ಏಕೆಂದರೆ ಹಚ್ಚಿದಾಗಲೆಲ್ಲ ತುರಿಕೆ ನಿಲ್ಲುತ್ತಿತ್ತಲ್ಲ!

ಕೊನೆಗೆ ಶಾಲೆಯ ಶಿಕ್ಷಕಿಯೇ ಕರೆದು, ಚರ್ಮದ ಡಾಕ್ಟರಿಗೆ ತೋರಿಸುವವರೆಗೆ ಹುಡುಗನನ್ನು ಕಳಿಸಬೇಡಿ ಎಂದರು. ಆ ದಿನ ಅಳು ಬಂದಿತ್ತು. ಈಗ ಅವರಿಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಚರ್ಮರೋಗ ತಜ್ಞೆ ಸೊಂಟವನ್ನು ನೋಡಿದವರೇ ಕೇಳಿದ ಮೊದಲ ಪ್ರಶ್ನೆ: "ಯಾವ ಟ್ಯೂಬ್ ಹಚ್ಚಿದ್ದೀರಿ?" ಚೀಲದಿಂದ ತೆಗೆದು ಕೊಟ್ಟೆ. ಅವರು ಅದನ್ನು ತೆಗೆದುಕೊಳ್ಳಲಿಲ್ಲ. "ನೀವೇ ಓದಮ್ಮಾ" ಎಂದರು. ಎರಡೂವರೆ ತಿಂಗಳಲ್ಲಿ ಆ ಸಣ್ಣ ಅಕ್ಷರಗಳನ್ನು ನಾನು ಒಮ್ಮೆಯೂ ಓದಿರಲಿಲ್ಲ. ನಾನು ಪದವಿ ಓದಿದವಳು. ಓದಲು ಬಾರದವಳಾಗಿದ್ದರೆ ಆ ಮಾತು ಬೇರೆ. ಒಂದೊಂದೇ ಹೆಸರು ಓದಿದೆ: ಕ್ಲೋಬೆಟಾಸೋಲ್, ನಿಯೋಮೈಸಿನ್, ಮೈಕೋನಜೋಲ್. ಕೆಳಗೆ, ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕು ಎಂಬ ಎಚ್ಚರಿಕೆ. ಟ್ಯೂಬಿನ ಮೇಲೆಯೇ ಅಚ್ಚಾಗಿತ್ತು, ನನ್ನ ಕೈಯಲ್ಲೇ ಇತ್ತು.

ಕ್ಲೋಬೆಟಾಸೋಲ್ ಅಂದರೆ ಸ್ಟೀರಾಯ್ಡ್. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲೆಲ್ಲ ಅತ್ಯಂತ ತೀವ್ರವಾದ ಗುಂಪಿಗೆ ಸೇರಿದ್ದು. ಹುಳುಕಡ್ಡಿ ಎಂದು ನಾವು ಕರೆದರೂ ಅದರಲ್ಲಿ ಹುಳು ಇಲ್ಲ, ಅದು ಶಿಲೀಂಧ್ರ, ಒಂದು ಬಗೆಯ ಬೂಷ್ಟು. ಮೈ ಆ ಬೂಷ್ಟಿನೊಡನೆ ಹೋರಾಡುವಾಗಲೇ ತುರಿಕೆ, ಊತ ಎಲ್ಲ. ಸ್ಟೀರಾಯ್ಡ್ ಆ ಹೋರಾಟವನ್ನೇ ನಿಲ್ಲಿಸಿಬಿಡುತ್ತದೆ. ತುರಿಕೆ ಹೋಗುತ್ತದೆ, ಬೂಷ್ಟು ಅಡೆತಡೆಯಿಲ್ಲದೆ ಒಳಗೊಳಗೇ ಹರಡುತ್ತದೆ. ಬೂಷ್ಟಿನ ಔಷಧ ಮೈಕೋನಜೋಲ್ ಕೂಡ ಅದೇ ಟ್ಯೂಬಿನಲ್ಲಿತ್ತು, ಆದರೆ ಸ್ಟೀರಾಯ್ಡ್‌ನ ಮುಂದೆ ಅದರ ಆಟ ನಡೆಯಲಿಲ್ಲ. ನಾನು ಯಾವುದನ್ನು ಗುಣ ಎಂದುಕೊಂಡೆನೋ ಅದೇ ಮೋಸ. ಆ ಎರಡು ದಿನದ ಗುಣವೇ ಮೋಸ.

ಡಾಕ್ಟರ್ ಅಂಚಿನಿಂದ ಸ್ವಲ್ಪ ಹೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಕೆರೆದುಕೊಂಡು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬೂಷ್ಟು ಇನ್ನೂ ಇತ್ತು. ಮಕ್ಕಳ ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು, ಹಾಗಾಗಿ ಹಚ್ಚಿದ ಸ್ಟೀರಾಯ್ಡ್ ಅವರ ರಕ್ತಕ್ಕೂ ಹೆಚ್ಚು ಸೇರುತ್ತದೆ ಎಂದರು. ಬಹಳ ದಿನ ಹಚ್ಚಿದರೆ ಬೆಳವಣಿಗೆಗೇ ತೊಂದರೆಯಾಗಬಹುದಂತೆ. ಅದನ್ನು ಕೇಳಿ ನನಗೆ ಮಾತೇ ಹೊರಡಲಿಲ್ಲ.

ಅಲ್ಲಿಂದ ನೇರವಾಗಿ ಅಂಗಡಿಗೆ ಹೋದೆ. ಅವನ ಮಾತುಗಳನ್ನು ಇದ್ದದ್ದು ಇದ್ದಂತೆಯೇ ಬರೆಯುತ್ತೇನೆ.

"ನಾನೇನು ನಿಮಗೆ ಬಲವಂತವಾಗಿ ಕೊಟ್ಟೆನೇ ಅಕ್ಕಾ? ಗುಣವಾಯಿತು ಎಂದು ನೀವೇ ಬಂದು ಹೇಳಿದಿರಿ."

ಮಗುವಿಗೆ ಸ್ಟೀರಾಯ್ಡ್ ಏಕೆ ಕೊಟ್ಟೆ ಎಂದೆ.

"ನಮ್ಮ ಅಂಗಡಿಯದೇ ಎನ್ನುವುದಕ್ಕೆ ಬಿಲ್ ತೋರಿಸಿ."

ಮೊಬೈಲ್‌ನಲ್ಲಿ ಹಣ ಕಳಿಸಿದ್ದನ್ನು ತೋರಿಸಿದೆ, ಐದು ಸಲದ್ದೂ.

"ಅದು ಗ್ಲೂಕೋಸ್ ಪುಡಿಗೆ ಕೊಟ್ಟ ಹಣವೂ ಆಗಿರಬಹುದು."

ನಾನು ಧ್ವನಿ ಏರಿಸಿದೆ. ಅಂಗಡಿಯ ಮುಂದೆ ಇನ್ನೂ ನಾಲ್ಕು ಜನ ನಿಂತಿದ್ದರು. ಆಗ ಅವನು ತಗ್ಗಿದ ಧ್ವನಿಯಲ್ಲಿ, ನನಗೆ ಬುದ್ಧಿ ಹೇಳುವವನಂತೆ ಹೇಳಿದ: "ಸ್ಟೀರಾಯ್ಡ್ ಇಲ್ಲದ ಮುಲಾಮೂ ಇದೆ, ಅಕ್ಕಾ. ಅದನ್ನು ಕೊಟ್ಟರೆ ಮೂರು ನಾಲ್ಕು ವಾರ ಹಿಡಿಯುತ್ತದೆ. ಎರಡು ದಿನ ನೋಡಿ ನೀವೇ ಬಂದು ಬೈಯುತ್ತೀರಿ. ಜನಕ್ಕೆ ಬೇಗ ಬೇಕು, ನಾವು ಕೊಡುತ್ತೇವೆ."

ಸ್ಟೀರಾಯ್ಡ್ ಇಲ್ಲದ್ದೂ ಇತ್ತಂತೆ. ಅವನ ಕಪಾಟಿನಲ್ಲೇ ಇತ್ತಂತೆ. ಮೂರು ನಾಲ್ಕು ವಾರ ಹಿಡಿಯುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಕೊಟ್ಟಿದ್ದರೆ ಕ್ಷಮಿಸುತ್ತಿದ್ದೆನೋ ಏನೋ. ನಿಂತಲ್ಲೇ ನನ್ನ ಕಾಲುಗಳ ಶಕ್ತಿ ಹೋಯಿತು. ಐದು ಟ್ಯೂಬ್! ಐದು ಸಲವೂ ಗೊತ್ತಿದ್ದೇ ಕೊಟ್ಟ.

ಇದಕ್ಕಿಂತ ಹೇಳಲು ಕಷ್ಟವಾದ ಮಾತು ಇನ್ನೊಂದಿದೆ. ಆಳಂದದಲ್ಲಿರುವ ನನ್ನ ತಂಗಿಯ ಮಗಳಿಗೂ ತುರಿಕೆ ಎಂದಾಗ ಅದೇ ಟ್ಯೂಬನ್ನು ನಾನೇ ಬಸ್ಸಿನಲ್ಲಿ ಬರುವವರ ಕೈಯಲ್ಲಿ ಕಳಿಸಿದ್ದೆ. ಆ ಮಗುವಿಗೆ ಹುಳುಕಡ್ಡಿಯೇ ಅಲ್ಲ, ತುರಿಕಜ್ಜಿ. ಬೆರಳುಗಳ ಸಂದಿನಲ್ಲಿ, ಮಣಿಕಟ್ಟಿನಲ್ಲಿ, ಹೊಕ್ಕುಳ ಸುತ್ತ ಸಣ್ಣ ಗುಳ್ಳೆ, ರಾತ್ರಿ ಮಲಗಿದ ಮೇಲೆ ತುರಿಕೆ ಹೆಚ್ಚು. ಅದು ನಿಜವಾಗಿ ಸಣ್ಣ ಜೀವಿಯಿಂದ ಬರುವುದು, ಚರ್ಮದೊಳಗೆ ಬಿಲ ತೋಡಿ ಮೊಟ್ಟೆ ಇಡುತ್ತದೆ. ಸ್ಟೀರಾಯ್ಡ್ ಹಚ್ಚಿದ್ದರಿಂದ ಗುಳ್ಳೆಗಳು ಅಡಗಿದವು, ರೋಗ ಮನೆಯವರಿಗೆಲ್ಲ ಹತ್ತಿತು, ತಂಗಿಯ ಅತ್ತೆಮಾವನಿಗೂ. ಅದಕ್ಕೆ ಪರ್ಮೆಥ್ರಿನ್ ಮುಲಾಮು, ಕುತ್ತಿಗೆಯಿಂದ ಅಂಗಾಲಿನವರೆಗೆ, ತುರಿಕೆ ಇರಲಿ ಬಿಡಲಿ ಮನೆಯವರೆಲ್ಲರೂ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು, ವಾರದ ಮೇಲೆ ಮತ್ತೊಮ್ಮೆ. ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಹಸುಗೂಸು, ಬಸುರಿ ಇದ್ದರೆ ಡಾಕ್ಟರನ್ನು ಕೇಳಿಯೇ ಹಚ್ಚಬೇಕು. ತಂಗಿ ನನ್ನ ಜೊತೆ ಸರಿಯಾಗಿ ಮಾತನಾಡುತ್ತಿಲ್ಲ. ಅವಳ ಸಿಟ್ಟು ನ್ಯಾಯವೇ.

ನೋಡಿ, ಒಂದೇ ಟ್ಯೂಬು, ಎರಡು ಬೇರೆ ಬೇರೆ ರೋಗ, ಎರಡರಲ್ಲೂ ತುರಿಕೆ ನಿಂತಿತು, ಎರಡೂ ಹೆಚ್ಚಾದವು.

ಸ್ಟೀರಾಯ್ಡ್ ವಿಷ ಎಂದು ನಾನು ಹೇಳುತ್ತಿಲ್ಲ. ಇಸಬಿಗೆ ಡಾಕ್ಟರುಗಳೇ ಬರೆದುಕೊಡುತ್ತಾರೆ, ಯಾವ ಜಾಗಕ್ಕೆ ಎಷ್ಟು ತೀವ್ರತೆಯದು, ಎಷ್ಟು ದಿನ ಎಂದು ಲೆಕ್ಕ ಹಾಕಿ. ಅಂಗಡಿಯವನು ಲೆಕ್ಕ ಹಾಕಲಿಲ್ಲ. ಇಂಥ ಲೆಕ್ಕ ಬೇಕು ಎಂದೇ ಅದು ಚೀಟಿ ಇಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಔಷಧ. 2018ರಲ್ಲಿ ಕೇಂದ್ರ ಸರ್ಕಾರ ಇನ್ನೂ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಆ ಪಟ್ಟಿಗೆ ಸೇರಿಸಿತು. ಕಾಗದದ ಮೇಲೆ ಎಲ್ಲ ಇದೆ.

ಟ್ಯೂಬಿನ ಹಿಂದೆ ಕ್ಲೋಬೆಟಾಸೋಲ್, ಬೆಟಾಮೆಥಾಸೋನ್, ಮೊಮೆಟಾಸೋನ್, ಬೆಕ್ಲೊಮೆಥಾಸೋನ್ ಇವುಗಳಲ್ಲಿ ಯಾವ ಹೆಸರಿದ್ದರೂ, ಡಾಕ್ಟರ್ ಬರೆದುಕೊಟ್ಟಿಲ್ಲದಿದ್ದರೆ ವಾಪಸು ಕೊಡಿ. ಬಿಲ್ ಕೇಳಿ, ಹತ್ತು ರೂಪಾಯಿಯ ವಸ್ತುವಾದರೂ ಕೇಳಿ, ದೂರು ಕೊಡಬೇಕಾದರೆ ಅದೊಂದೇ ನಿಮ್ಮ ಕೈಯಲ್ಲಿರುವುದು. ಈಗಾಗಲೇ ಹಚ್ಚುತ್ತಿದ್ದರೆ ಟ್ಯೂಬನ್ನು ಮುಚ್ಚಿಡದೆ ಡಾಕ್ಟರಿಗೆ ತೋರಿಸಿ. ನಿಲ್ಲಿಸಿದ ಮೊದಲ ದಿನಗಳಲ್ಲಿ ಉರಿ, ತುರಿಕೆ ಹೆಚ್ಚಾಗಬಹುದು, ಆಗ ಹೆದರಿ ಮತ್ತೆ ಅದನ್ನೇ ಹಚ್ಚಬೇಡಿ. ತಲೆಯಲ್ಲಿ ಹುಳುಕಡ್ಡಿಯಾಗಿ ಕೂದಲು ಉದುರುತ್ತಿದ್ದರೆ ಯಾವ ಮುಲಾಮೂ ಸಾಲದು, ಹೊಟ್ಟೆಗೇ ಔಷಧ ಬೇಕು.

ಜ್ವರದ ಜೊತೆ ದದ್ದು ಎದ್ದರೆ ಔಷಧ ಅಂಗಡಿಯ ಮೆಟ್ಟಿಲನ್ನೇ ಹತ್ತಬೇಡಿ. ಜ್ವರ, ಕೆಮ್ಮು, ಕೆಂಪು ಕಣ್ಣು ಬಂದು ಮುಖದಿಂದ ಕೆಳಗಿಳಿಯುವ ದದ್ದು ದಡಾರ ಇರಬಹುದು. ಗಾಜಿನ ಲೋಟವನ್ನು ಒತ್ತಿದರೂ ಮಾಸದ ಚುಕ್ಕೆಗಳಿದ್ದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಿ.

ಮಗನ ಉಡಿದಾರವನ್ನು ಡಾಕ್ಟರ್ ತೆಗೆಸಿದರು. ಸ್ನಾನವಾದ ಮೇಲೂ ಬೆವರಿದ ಮೇಲೂ ಆ ದಾರ ಹಸಿಯಾಗಿಯೇ ಇರುತ್ತದೆ, ಬೂಷ್ಟಿಗೆ ಬೇಕಾದದ್ದೂ ಅದೇ. ಅತ್ತೆ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೇ ದಿನ ತಾವೇ ಮೊಮ್ಮಗನ ಟವೆಲನ್ನು ಬೇರೆ ಮಾಡಿ, ಚಡ್ಡಿಗಳ ಒಳಮಗ್ಗುಲು ಹೊರಗೆ ತಿರುವಿ ಬಿಸಿಲಿಗೆ ಹಾಕಿದರು. ತೂಕ ನೋಡಿ ಬರೆದ ಮಾತ್ರೆ, ಸ್ಟೀರಾಯ್ಡ್ ಇಲ್ಲದ ಮುಲಾಮು, ಕಲೆ ಹೋದ ಮೇಲೂ ಎರಡು ವಾರ ಹಚ್ಚಬೇಕು. ಇಂದಿಗೆ ಹತ್ತೊಂಬತ್ತನೇ ದಿನ. ಇನ್ನೂ ತುರಿಕೆ ಇದೆ. ರಾತ್ರಿ ಅವನು ಎದ್ದು "ಅವ್ವಾ, ಮೊದಲಿನ ಔಷಧ ಹಚ್ಚು, ಅದು ಬೇಗ ನಿಲ್ಲಿಸುತ್ತಿತ್ತು" ಎಂದು ಅಳುತ್ತಾನೆ. ತಣ್ಣೀರಿನ ಬಟ್ಟೆ ಇಟ್ಟು ಕುಳಿತಿರುತ್ತೇನೆ.