ಹಳೆಯ ಜಾನ್ ಡಿಯರ್ ಲಿಕ್ವಿಫೈರ್ ಸ್ನೋಮೊಬೈಲ್: ಇಂದಿಗೂ ಕೊಳ್ಳಬಹುದೇ?

ಟ್ರ್ಯಾಕ್ಟರ್‌ಗೆ ಹೆಸರಾದ ಜಾನ್ ಡಿಯರ್, ಅಮೆರಿಕದ ವಿಸ್ಕಾನ್ಸಿನ್‌ನ ಹೊರಿಕಾನ್ ಕಾರ್ಖಾನೆಯಲ್ಲಿ ಸ್ನೋಮೊಬೈಲ್‌ಗಳನ್ನೂ (ಹಿಮದ ಮೇಲೆ ಓಡುವ ಗಾಡಿಗಳನ್ನೂ) ತಯಾರಿಸುತ್ತಿತ್ತು. 1972ರ 400 ಮತ್ತು 500 ಮಾದರಿಗಳಿಂದ ಶುರುವಾದ ಈ ಸಾಲು 1984ರ ಮಾದರಿಗಳೊಂದಿಗೆ ನಿಂತಿತು. ಕಂಪನಿ ಇಂದಿಗೂ ಬಳಸುವ ‘ನಥಿಂಗ್ ರನ್ಸ್ ಲೈಕ್ ಎ ಡಿಯರ್’ ಎಂಬ ಪ್ರಸಿದ್ಧ ಘೋಷವಾಕ್ಯ ಹುಟ್ಟಿದ್ದೇ ಈ ಹಿಮಗಾಡಿಗಳ ಜಾಹೀರಾತಿಗಾಗಿ.

ಇವುಗಳಲ್ಲಿ ಕೊಳ್ಳಲು ಯೋಗ್ಯವಾದದ್ದು 1976ರಲ್ಲಿ ಬಂದ ಲಿಕ್ವಿಫೈರ್. 340 ಮತ್ತು 440 ಸಿಸಿ, ಎರಡು ಸಿಲಿಂಡರ್, ಟೂ-ಸ್ಟ್ರೋಕ್, ದ್ರವದಿಂದ ತಣಿಯುವ ಎಂಜಿನ್. ಕೆನಡಾದ ವಿನಿಪೆಗ್‌ನಿಂದ ಅಮೆರಿಕದ ಸೇಂಟ್ ಪಾಲ್‌ವರೆಗಿನ 1980ರ ಸ್ನೋಮೊಬೈಲ್ ದೂರದೋಟ ಗೆದ್ದದ್ದೂ ಲಿಕ್ವಿಫೈರೇ. ನಮ್ಮ ಮಟ್ಟಿಗೆ ಆ ಕಾಲದ ಅತ್ಯುತ್ತಮ ಗಾಡಿಗಳಲ್ಲಿ ಇದೊಂದು.

ಆದರೆ ಸ್ಟಾರ್ಟ್ ಆಯಿತೆಂದು ದುಡ್ಡು ಎಣಿಸಬೇಡಿ. ಮೊದಲು ಎರಡೂ ಸಿಲಿಂಡರ್‌ಗಳ ಕಂಪ್ರೆಷನ್ (ಒಳಗಿನ ಒತ್ತಡ) ಅಳೆಯಿರಿ, ವ್ಯತ್ಯಾಸ ಶೇ. 10 ಮೀರಿದರೆ ಎಂಜಿನ್ ಬಿಚ್ಚುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ದೊಡ್ಡ ಶತ್ರು ಕ್ರ್ಯಾಂಕ್ ಸೀಲ್, ಅಂದರೆ ಎಂಜಿನ್‌ನ ಕ್ರ್ಯಾಂಕ್ ದಂಡದ ತುದಿಗಳಲ್ಲಿ ಗಾಳಿ ತಡೆಯುವ ರಬ್ಬರ್ ಬಳೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ರಬ್ಬರ್ ಗಟ್ಟಿಯಾಗಿ ಹೊರಗಿನ ಗಾಳಿ ಒಳನುಗ್ಗುತ್ತದೆ, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಕಾದ ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿಕೊಳ್ಳುತ್ತದೆ. ಥ್ರಾಟಲ್ ಬಿಟ್ಟ ಮೇಲೂ ಎಂಜಿನ್ ವೇಗ ತಡವಾಗಿ ಇಳಿದರೆ ಅದೇ ಮುನ್ಸೂಚನೆ. ಎಥನಾಲ್ ಬೆರೆತ ಇಂಧನಕ್ಕೆ ಹಳೆಯ ಇಂಧನ ಕೊಳವೆ, ಪಂಪಿನ ಡಯಾಫ್ರಂ (ತೆಳು ಪೊರೆ) ತಾಳುವುದಿಲ್ಲ. ಕಾರ್ಬ್ಯುರೇಟರ್ ತೊಳೆಯುವಾಗ ಇವನ್ನೂ ಬದಲಿಸಿ.

ಎಂಜಿನ್ ತಣಿಸುವ ದ್ರವವಾದ ಕೂಲಂಟ್ ತಣಿಯುವುದು ಟ್ರ್ಯಾಕ್ (ಗಾಡಿಯನ್ನು ಓಡಿಸುವ ಅಡಿಯ ಪಟ್ಟಿ) ಎರಚುವ ಹಿಮದಿಂದ. ಬರೀ ಮಂಜುಗಡ್ಡೆಯ ಮೇಲೆ ಹೆಚ್ಚು ಹೊತ್ತು ಓಡಿಸಿದರೆ ಎಂಜಿನ್ ಕಾಯುತ್ತದೆ. ಬಿಡಿಭಾಗಗಳಿಗೆ ಹೆಚ್ಚಾಗಿ ಹಳೆಯ ಗಾಡಿಗಳೇ ಗತಿ, ಹಾಗಾಗಿ ಹುಡ್ (ಎಂಜಿನ್ ಮೇಲಿನ ಮುಚ್ಚಳ) ಒಡೆದಿದ್ದರೆ ಬೆಲೆ ಇಳಿಸಲು ಧಾರಾಳವಾಗಿ ಚೌಕಾಸಿ ಮಾಡಿ.